ಬರ್ಮಾ: ಬೆಟ್ಟದವರು, ಬಯಲಿನವರು



1989ರಲ್ಲಿ ಅಲ್ಲಿನ ಸೇನಾಡಳಿತ ದೇಶಕ್ಕೆ ಮ್ಯಾನ್ಮಾರ್ ಎಂಬ ಹೆಸರನ್ನೇ ಅಧಿಕೃತಗೊಳಿಸಿತು. ನಮ್ಮ ನಾಲಿಗೆಗೆ ಮಾತ್ರ ಬರ್ಮಾ ಎಂಬುದೇ ರೂಢಿ. 1937ರವರೆಗೆ ಅದು ಬ್ರಿಟಿಷ್ ಇಂಡಿಯಾದ ಪ್ರಾಂತವೇ ಆಗಿತ್ತಲ್ಲ! ಅದರ ಭೂಪಟ ನೋಡಿ. ನಡುವೆ ಐರಾವತಿ ನದಿಯ ಬಯಲು, ಅಲ್ಲಿ ಬಹುಸಂಖ್ಯಾತ ಬಮರ್ ಜನ. ಸುತ್ತ ಕುದುರೆಲಾಳದಂತೆ ಬೆಟ್ಟಸಾಲು, ಅಲ್ಲಿ ಕಚಿನ್, ಶಾನ್, ಕರೆನ್, ಚಿನ್ ಮುಂತಾದವರು.

ಬೆಟ್ಟದವರ ಒಳಾಡಳಿತ ಅವರಿಗೇ ಇರಲಿ ಎಂದು 1947ರ ಫೆಬ್ರುವರಿ 12ರಂದು ಪಾಂಗ್ಲಾಂಗ್‌ನಲ್ಲಿ ಆಂಗ್ ಸಾನ್ ಒಪ್ಪಂದ ಮಾಡಿಕೊಂಡರು. ಶಾನ್, ಕಚಿನ್, ಚಿನ್ ನಾಯಕರು ರುಜು ಹಾಕಿದರು, ಕರೆನ್ನರು ಹಾಕಲಿಲ್ಲ. ಐದೇ ತಿಂಗಳಲ್ಲಿ ಆಂಗ್ ಸಾನ್ ಗುಂಡಿಗೆ ಬಲಿಯಾದರು. 1948ರಲ್ಲಿ ಸ್ವಾತಂತ್ರ್ಯ ಬಂತು, ಮರುವರ್ಷ ಕರೆನ್ನರ ಯುದ್ಧ ಶುರುವಾಯಿತು. ಒಕ್ಕೂಟದ ಮಾತು ದೇಶ ಒಡೆಯುತ್ತದೆಂಬ ನೆಪ ಹೇಳಿ 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡರು.

ಆಮೇಲೆ ಬಂದದ್ದು ‘ನಾಲ್ಕು ಕಡಿತ’ ಎಂಬ ನೀತಿ. ಅನ್ನ, ಹಣ, ಸುದ್ದಿ, ಆಳು ಈ ನಾಲ್ಕೂ ಬಂಡುಕೋರರಿಗೆ ಸಿಗಬಾರದು. ಕಾಗದದ ಮೇಲೆ ಇದು ಬರೀ ಯುದ್ಧತಂತ್ರ. ಆದರೆ ಬಂಡುಕೋರನಿಗೆ ಅನ್ನ ಹಾಕುವವಳು ಅವನ ತಾಯಿಯೇ ತಾನೆ? ಹಾಗಾಗಿ ಸುಟ್ಟದ್ದು ಊರುಗಳನ್ನು, ಬತ್ತದ ಕಣಜಗಳನ್ನು. ಬಯಲಿನ ಪಟ್ಟಣಗಳಲ್ಲಿ ಬಹುಪಾಲು ಜನ ಇದನ್ನು ಕಾಣಲಿಲ್ಲ. ಬೆಟ್ಟದವರು ದೇಶ ಒಡೆಯುವವರು ಎಂಬ ಸರ್ಕಾರಿ ಮಾತನ್ನೇ ನಂಬಿದರು.

1988ರಲ್ಲಿ ರಂಗೂನಿನ ಬೀದಿಗಳಲ್ಲೇ ಗುಂಡು ಹಾರಿತು. ಸಾವಿರಾರು ವಿದ್ಯಾರ್ಥಿಗಳು ಗಡಿಯ ಕಾಡಿಗೆ ಓಡಿದರು. ಅವರಲ್ಲಿ ಅನೇಕರಿಗೆ ಆಶ್ರಯ ಕೊಟ್ಟವರು ಕರೆನ್ನರು. ಕರೆನ್ನರಲ್ಲೂ ಒಡಕಿತ್ತೆನ್ನಿ. ಕ್ರೈಸ್ತ ನಾಯಕತ್ವದಿಂದ ಬೌದ್ಧರ ಬಣವೊಂದು ಸಿಡಿದುಹೋಗಿ, 1995ರಲ್ಲಿ ಅವರ ಕೇಂದ್ರ ಮಾನರ್‌ಪ್ಲಾ ಸೇನೆಯ ವಶವಾಯಿತು.

2021ರ ಫೆಬ್ರುವರಿ 1ರಂದು ಸೇನೆ ಮತ್ತೆ ಅಧಿಕಾರ ಕಸಿಯಿತು. ರಾತ್ರಿ ಎಂಟಾದರೆ ಮನೆಮನೆಗಳಲ್ಲಿ ಪಾತ್ರೆ ಬಡಿಯುವ ಸದ್ದು: ದೆವ್ವ ಓಡಿಸುವ ಅಲ್ಲಿನ ಹಳೇ ಪದ್ಧತಿ ಅದು. ವೈದ್ಯರು, ಮೇಷ್ಟ್ರುಗಳು ಕೆಲಸ ಬಿಟ್ಟರು. ಮೆರವಣಿಗೆಗಳಿಗೆ ಗುಂಡು ಬಿದ್ದ ಮೇಲೆ ಪಟ್ಟಣದ ಹುಡುಗರು ಬೆಟ್ಟ ಹತ್ತಿದರು. ಬಂದೂಕು ಹಿಡಿಯಲು ಕಲಿಸಿದವರು ನಿನ್ನೆಯವರೆಗಿನ ‘ದೇಶದ್ರೋಹಿ’ಗಳೇ. ರೋಹಿಂಗ್ಯಾಗಳಿಗೂ ಎಷ್ಟೋ ಬಮರ್ ಯುವಕರು ಬಹಿರಂಗವಾಗಿ ಕ್ಷಮೆ ಕೇಳಿದರು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಹೋದಾಗ ಪಟ್ಟಣಗಳು ಹೆಚ್ಚುಕಡಿಮೆ ಸುಮ್ಮನಿದ್ದವು.

2023ರ ಅಕ್ಟೋಬರ್ 27ರಂದು ಮೂರು ಗುಂಪುಗಳು ಒಟ್ಟಾಗಿ ದಾಳಿಗಿಳಿದವು. ಮರುವರ್ಷ ಲಾಶಿಯೋದಲ್ಲಿದ್ದ ಸೇನೆಯ ಪ್ರಾದೇಶಿಕ ಕೇಂದ್ರವೇ ಬಿತ್ತು. ಆದರೆ 2025ರ ಏಪ್ರಿಲ್‌ನಲ್ಲಿ ಚೀನಾದ ಮಧ್ಯಸ್ಥಿಕೆಯಲ್ಲಿ ಆ ಪಟ್ಟಣ ಸೇನೆಗೇ ಮರಳಿತು! ಒಂದೊಂದು ಗುಂಪಿಗೂ ಅದರದೇ ಗಡಿ, ಅದರದೇ ಲೆಕ್ಕ.

ಇತ್ತ ನಮ್ಮ ಗಡಿಯಲ್ಲಿ, ಓಡಿಬಂದ ಚಿನ್ ಜನರನ್ನು ತಡೆಯಿರಿ ಎಂದು 2021ರ ಮಾರ್ಚ್‌ನಲ್ಲಿ ದೆಹಲಿ ಸೂಚನೆ ಕಳಿಸಿತು. ಮಿಜೋರಾಂ ಕೇಳಲಿಲ್ಲ. ಬಂದವರು ನಮ್ಮ ರಕ್ತಸಂಬಂಧಿಗಳು ಎಂದು ಅಲ್ಲಿನ ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಅದೇ ತಿಂಗಳ ಕೊನೆಯಲ್ಲಿ ಬರ್ಮಾದ ಪದಚ್ಯುತ ಸಂಸದರು ಒಕ್ಕೂಟ ಪ್ರಜಾಪ್ರಭುತ್ವದ ಸನ್ನದೊಂದನ್ನು ಪ್ರಕಟಿಸಿದರು. ಪಾಂಗ್ಲಾಂಗಿನ ಮಾತು ಮತ್ತೆ ಕಾಗದಕ್ಕೆ ಬಂತು. ಬೆಟ್ಟದವರು ಮಾತ್ರ ಬಂದೂಕು ಕೆಳಗಿಟ್ಟಿಲ್ಲ.