ಮಂಕಾದ ತೆರೆ

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವುದನ್ನು ನೋಡದವರು ಈ ಸೀಮೆಯಲ್ಲಿ ವಿರಳ. ಲಾಳಿ ಅತ್ತಿಂದಿತ್ತ ಓಡುತ್ತದೆ. ಎಳೆಗೆ ಎಳೆ ಕೂಡಿ ಅಂಚು, ಸೆರಗು, ಬುಟ್ಟಾ ಮೂಡುತ್ತವೆ. ದಪ್ಪ ಬೆನ್ನಿನ ಹಳೆಯ ಕಂಪ್ಯೂಟರ್ ಮಾನಿಟರಿನಲ್ಲಿ ಚಿತ್ರ ಮೂಡುವುದೂ ಹೆಚ್ಚುಕಡಮೆ ಹೀಗೆಯೇ. ಅಲ್ಲಿ ಲಾಳಿಯ ಕೆಲಸ ಎಲೆಕ್ಟ್ರಾನುಗಳ ಕಿರಣದ್ದು. ೧೮೯೭ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ರೌನ್ ರೂಪಿಸಿದ ಗಾಜಿನ ಕೊಳವೆಯೇ ಇದರ ಮೂಲ. ೭೬೮ ಗೆರೆಗಳ ಚಿತ್ರವೊಂದನ್ನು ಸೆಕೆಂಡಿಗೆ ೭೫ ಸಲ ಬರೆಯಬೇಕಾದರೆ, ಈ ಲಾಳಿ ಸೆಕೆಂಡಿಗೆ ಸುಮಾರು ೬೦ ಸಾವಿರ ಸಲ ಓಡಬೇಕು!

ಇಂಥ ಮಾನಿಟರುಗಳ ಕಾಲ ಮುಗಿಯಿತು, ನಿಜ. ಆದರೂ ಹತ್ತಿಪ್ಪತ್ತು ವರ್ಷದ ಲೆಕ್ಕಪತ್ರವನ್ನು ಹಳೆಯ ಯಂತ್ರದಲ್ಲೇ ಇಟ್ಟುಕೊಂಡಿರುವ ಮನೆ, ಅಂಗಡಿಗಳು ಇಲ್ಲದಿಲ್ಲ. ಒಂದು ದಿನ ತೆರೆ ಕಪ್ಪಾದರೆ, 'ಲೆಕ್ಕವೆಲ್ಲ ಹೋಯಿತು' ಎಂದು ಎದೆ ಒಡೆದುಕೊಳ್ಳುವವರುಂಟು. ಅವರಿಗೆ ಮೊದಲು ಹೇಳತಕ್ಕ ಮಾತು ಇದು: ತೆರೆ ಬೇರೆ, ಲೆಕ್ಕ ಬೇರೆ. ಲೆಕ್ಕವಿರುವುದು ಪಕ್ಕದ ಪೆಟ್ಟಿಗೆಯಲ್ಲಿ. ಅದೇ ೧೫ ಮುಳ್ಳಿನ ಪ್ಲಗ್ಗು ಹಿಡಿಸುವ ಬೇರೊಂದು ತೆರೆಯನ್ನು ಎರವಲು ತಂದು ಜೋಡಿಸಿ ನೋಡಿ. ಲೆಕ್ಕ ಕಂಡರೆ ಮೊದಲು ಅದಕ್ಕೊಂದು ಪ್ರತಿ ತೆಗೆದಿಡಿ, ಚಿಕಿತ್ಸೆ ಆಮೇಲೆ.

ಇನ್ನು ರೋಗಲಕ್ಷಣಗಳು. ತೆರೆ ಕಪ್ಪಾಗಿದ್ದು ಮುಂದಿನ ಸಣ್ಣ ದೀಪ ಉರಿಯುತ್ತಿದ್ದರೆ, ಕಂಪ್ಯೂಟರಿನಿಂದ ಬರುವ ಕೇಬಲನ್ನು ಬಿಚ್ಚಿ ನೋಡಿ. ಸಂಕೇತ ಬರುತ್ತಿಲ್ಲವೆಂಬ ಬರಹ ತೆರೆಯ ಮೇಲೆ ಮೂಡಿದರೆ ಮಾನಿಟರು ಬಹುಮಟ್ಟಿಗೆ ಆರೋಗ್ಯವಾಗಿದೆ. ದೋಷವನ್ನು ಕೇಬಲಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಹುಡುಕಬೇಕು.

ಬಿಳಿಯ ಬಣ್ಣ ಕೆಟ್ಟಿದೆಯೆ? ಕೆಂಪು, ಹಸಿರು, ನೀಲಿ ಈ ಮೂರೂ ಸೇರಿದರೆ ಬಿಳಿ. ಕೆಂಪು ತಪ್ಪಿದರೆ ಬಿಳಿಯು ಹಸಿರುಮಿಶ್ರಿತ ನೀಲಿಯಾಗುತ್ತದೆ. ಹಸಿರು ತಪ್ಪಿದರೆ ಕೆನ್ನೇರಳೆ. ನೀಲಿ ತಪ್ಪಿದರೆ ಹಳದಿ. ಪ್ಲಗ್ಗಿನಲ್ಲಿ ಮುಳ್ಳೊಂದು ಬಾಗಿರಬಹುದು. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಮೆಲ್ಲಗೆ ನೆಟ್ಟಗೆ ಮಾಡಿ. ಕೆಲವು ಪ್ಲಗ್ಗುಗಳಲ್ಲಿ ಒಂದು ಮುಳ್ಳು ಹುಟ್ಟಿನಿಂದಲೇ ಇರುವುದಿಲ್ಲ, ಮುರಿಯಿತೆಂದು ಹೆದರಬೇಡಿ.

ತೆರೆಯ ಒಂದು ಮೂಲೆಯಲ್ಲಿ ಮಾತ್ರ ಬಣ್ಣದ ಕಲೆಯಿದ್ದರೆ ಪಕ್ಕದಲ್ಲಿ ಆಯಸ್ಕಾಂತ ಇರಬಹುದು. ಈ ಮಾತುಗಳನ್ನು ತಮಗೆ ಕೇಳಿಸುವ ರೇಡಿಯೋದ ಧ್ವನಿವರ್ಧಕದಲ್ಲಿಯೂ ಅದು ಉಂಟು! ರೇಡಿಯೋವನ್ನು ದೂರವಿಟ್ಟು, ಮಾನಿಟರನ್ನು ಅರ್ಧ ಗಂಟೆ ಆರಿಸಿ, ಮತ್ತೆ ಹಚ್ಚಿ. 'ಧಂ' ಎಂಬ ಸದ್ದಿನೊಡನೆ ಒಳಗಿನ ಸುರುಳಿಯೊಂದು ಆ ಕಾಂತತ್ವವನ್ನು ಕಳೆಯುತ್ತದೆ.

ಚಿತ್ರ ಕುಗ್ಗಿ, ಜೊತೆಗೆ ಮನೆಯ ದೀಪವೂ ಮಂಕಾದರೆ ಮೊದಲು ಅನುಮಾನಿಸಬೇಕಾದದ್ದು ಬರುವ ವಿದ್ಯುತ್ತನ್ನು. ಮನೆಯ ದೀಪ ಚೆನ್ನಾಗಿದ್ದು ತೆರೆ ಮಾತ್ರ ವರ್ಷದಿಂದ ವರ್ಷಕ್ಕೆ ಮಬ್ಬಾಗುತ್ತಿದ್ದರೆ ಅದು ಮುಪ್ಪು. ಪ್ರಕಾಶದ ಗುಂಡಿ ತಿರುಗಿಸುತ್ತ ಹೋಗುವುದು, ಎಣ್ಣೆ ತೀರುತ್ತಿರುವ ದೀಪದ ಬತ್ತಿಯನ್ನು ಮೇಲಕ್ಕೆ ನೂಕಿದಂತೆ. ಚಿತ್ರವೆಲ್ಲ ಅಡಗಿ, ನಡುವೆ ಒಂದೇ ಅಡ್ಡಗೆರೆ ಉರಿಯುತ್ತಿದ್ದರೆ, ಲಾಳಿ ಓಡುತ್ತಿದೆ, ಬಟ್ಟೆ ಮುಂದೆ ಸರಿಯುತ್ತಿಲ್ಲ ಎಂದರ್ಥ. ತಕ್ಷಣ ಆರಿಸಿ, ಇಲ್ಲದಿದ್ದರೆ ಆ ಗೆರೆ ತೆರೆಯನ್ನು ಸುಟ್ಟೀತು. ಇದಕ್ಕೆ ಎಷ್ಟೋ ಸಲ ಬಿರಿದ ಬೆಸುಗೆಯೇ ಕಾರಣ. ಬಲ್ಲ ರಿಪೇರಿಯವರು ಸರಿಪಡಿಸಬಲ್ಲರು.

ಆದರೆ ತಾವಾಗಿ ಬೆನ್ನು ಬಿಚ್ಚಬೇಡಿ. ಕೊಳ್ಳೇಗಾಲಕ್ಕೆ ನೆರೆಯ ಶಿವನಸಮುದ್ರದಿಂದ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು ಹತ್ತಾರು ಸಾವಿರ ವೋಲ್ಟುಗಳ ಒತ್ತಡದಲ್ಲಿ. ಬಣ್ಣದ ಕೊಳವೆಯೊಳಗೂ ಸುಮಾರು ೨೫ ಸಾವಿರ ವೋಲ್ಟುಗಳಿರುತ್ತವೆ! ಪ್ಲಗ್ಗು ಕಿತ್ತ ಮೇಲೂ ಆ ಶಕ್ತಿಯ ಶೇಷ ಗಾಜಿನಲ್ಲಿ ಅಡಗಿ ಕುಳಿತಿರಬಹುದು. ಒಳಗೆ ಗಾಳಿಯೂ ಇಲ್ಲ. ಒಡೆದರೆ ಚೂರುಗಳು ಸಿಡಿಯುತ್ತವೆ. ಐದು ರೂಪಾಯಿಯ ಬಿಡಿಭಾಗಕ್ಕಾಗಿ ಪ್ರಾಣವನ್ನು ಪಣಕ್ಕಿಡುವುದು ಯಾವ ಉಳಿತಾಯ? ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಯಳಂದೂರಿಗೆ ಗುಡುಗು ಇಳಿಯುವ ಮೊದಲೇ ಪ್ಲಗ್ಗು ಕೀಳುವುದೂ ವಿವೇಕ.

ಕೊನೆಗೆ, ಚಿಕಿತ್ಸೆಗೆ ಬಗ್ಗದ ತೆರೆಯ ಗತಿ? ತಾಮ್ರದ ಆಸೆಗೆ ಹಿತ್ತಲಲ್ಲಿ ಒಡೆಯಬೇಡಿ. ಸುವರ್ಣಾವತಿಯ ದಂಡೆಗಾಗಲಿ, ಹನೂರಿನ ಕಡೆಯ ಹಳ್ಳಗಳಿಗಾಗಲಿ ಎಸೆಯಬೇಡಿ. ಆ ಗಾಜಿನಲ್ಲಿ ಸೀಸವಿದೆ. ಮಣ್ಣಿಗೂ ನೀರಿಗೂ ಅದು ವಿಷ. ವಿದ್ಯುನ್ಮಾನ ತ್ಯಾಜ್ಯವನ್ನು ಕೊಳ್ಳಲು ಅಧಿಕೃತ ಪರವಾನಗಿಯುಳ್ಳವರಿಗೇ ಒಪ್ಪಿಸಿ.

ಲಾಳಿ ಸವೆದರೆ ನೇಕಾರ ಲಾಳಿಯನ್ನು ಬದಲಿಸುತ್ತಾನೆ. ನೆಯ್ದ ಸೀರೆಯನ್ನು ಜೋಪಾನ ಮಾಡುತ್ತಾನೆ. ಹಳೆಯ ತೆರೆಯ ಮುಂದೆ ಕುಳಿತ ನಾವೂ ಅಷ್ಟು ಮಾಡಿದರೆ ಸಾಕು.