ಎಂಟು ಸಂಖ್ಯೆಯಲ್ಲಿ ಒಂದು ಚಿತ್ರ

ಹತ್ತಿರದಲ್ಲಿ ಪೆನ್ಸಿಲ್ಲು, ಚೌಕುಳಿ ಹಾಳೆ ಇದ್ದರೆ ತಗೊಳ್ಳಿ. ಮಕ್ಕಳ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟವಾದರೂ ನಡೆದೀತು. ಇವತ್ತು ರೇಡಿಯೋದಲ್ಲೇ ನಿಮಗೊಂದು ಚಿತ್ರ ಕಳಿಸುತ್ತೇನೆ.

ಅಡ್ಡ ಎಂಟು, ಉದ್ದ ಎಂಟು ಮನೆಗಳ ಚೌಕ ಹಾಕಿ. ನೆತ್ತಿಯ ಮೇಲೆ ಎಡದಿಂದ 128, 64, 32, 16, 8, 4, 2, 1 ಎಂದು ಬರೆಯಿರಿ. ಮೊದಲ ಸಾಲಿಗೆ ನಾನು 60 ಅನ್ನುತ್ತೇನೆ. ಯಾವ ಮನೆಗಳು ಕೂಡಿದರೆ 60? 32, 16, 8, 4. ಆ ನಾಲ್ಕನ್ನೂ ಕಪ್ಪು ಮಾಡಿ. ಎರಡನೆಯ ಸಾಲು 66, ಅಂದರೆ 64 ಮತ್ತು 2. ಉಳಿದವು 165, 129, 165, 153, 66, 60. ಅವಸರವಿಲ್ಲ, ಮಾತು ಮುಗಿಯುವುದರೊಳಗೆ ತುಂಬಿದರೆ ಸಾಕು. ದುಂಡು ಮುಖವೊಂದು ನಿಮ್ಮನ್ನು ನೋಡಿ ನಗುತ್ತದೆ.

1980ರ ದಶಕದಲ್ಲಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರಿನ ಮುಂದೆ ಕೂತವರು ಚಿತ್ರ ಬರೆಯುತ್ತಿದ್ದುದೇ ಹೀಗೆ. 'ವಿಡಿಯು 23, 224' ಎಂದು ಟೈಪ್ ಮಾಡಿ, ಬೆನ್ನಿಗೇ ಈ ಎಂಟು ಸಂಖ್ಯೆ ಕೊಟ್ಟರೆ, 224ನೇ ಅಕ್ಷರ ನಗುಮುಖವಾಗಿಬಿಡುತ್ತಿತ್ತು.

ಹೀಗೆ ಕಂಪ್ಯೂಟರಿಗೆ ಹೇಳುವ ಭಾಷೆಯ ಹೆಸರು ಬೇಸಿಕ್. ಅದರ ಜಾತಕವನ್ನು ಬೇಗ ಓದಿಬಿಡುತ್ತೇನೆ. ಹುಟ್ಟಿದ್ದು 1964ರ ಮೇ 1, ಬೆಳಗಿನ ಜಾವ ನಾಲ್ಕಕ್ಕೆ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ಹೆತ್ತವರು ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರುಗಳು. ವಿಜ್ಞಾನ ಓದದ ಹುಡುಗರಿಗೂ ಕಂಪ್ಯೂಟರು ದಕ್ಕಲಿ ಎಂಬುದು ಅವರ ಆಸೆ. ಆಮೇಲೆ ಅದು ದೊಡ್ಡ ಯಂತ್ರಗಳನ್ನು ಬಿಟ್ಟು ಮನೆಯ ಮೇಜಿಗೆ ಇಳಿಯಿತು. ಅಷ್ಟು ಸಾಕು. ನನಗೆ ಹೇಳಬೇಕಾದ ಕಥೆ ಇಂಗ್ಲೆಂಡಿನ ಕೇಂಬ್ರಿಜ್‌ನದು.

1981ರಲ್ಲಿ ಬಿಬಿಸಿ ಕಂಪ್ಯೂಟರ್ ಕಲಿಸುವ ಟಿವಿ ಸರಣಿಯೊಂದನ್ನು ಯೋಚಿಸಿತ್ತು. ಅದರ ಜೊತೆಗೆ ಜನ ಕೊಳ್ಳಬಹುದಾದ ಯಂತ್ರವೂ ಬೇಕಿತ್ತು. ಏಕಾರ್ನ್ ಎಂಬ ಅಲ್ಲಿನ ಸಣ್ಣ ಕಂಪನಿಯ ಹತ್ತಿರ ತೋರಿಸಲಿಕ್ಕೆ ಕಾಗದದ ಮೇಲಿನ ಆಲೋಚನೆ ಮಾತ್ರ ಇತ್ತು. ಬಿಬಿಸಿಯವರು ಬರುವುದಕ್ಕೆ ಉಳಿದದ್ದು ಒಂದೇ ವಾರ. ಕಂಪನಿಯ ಹರ್ಮನ್ ಹೌಸರ್ ಆಗ ಹೂಡಿದ ಉಪಾಯ ನಮ್ಮ ಕಡೆಯ ಮದುವೆ ದಲ್ಲಾಳಿಗಳದ್ದೇ. ಸೋಫಿ ವಿಲ್ಸನ್ ಎಂಬ ಎಂಜಿನಿಯರ್‌ಗೆ ಫೋನ್ ಮಾಡಿ, "ಸ್ಟೀವ್ ಫರ್ಬರ್ ಆಗುತ್ತೆ ಅಂದಿದ್ದಾನೆ" ಅಂದರು. ಇನ್ನೊಬ್ಬ ಎಂಜಿನಿಯರ್ ಫರ್ಬರ್‌ಗೆ ಫೋನ್ ಮಾಡಿ, "ಸೋಫಿ ಒಪ್ಪಿದ್ದಾಯಿತು" ಅಂದರು. ಇಬ್ಬರೂ ಸಿಕ್ಕಿಬಿದ್ದರು! ಹಗಲು ರಾತ್ರಿ ತಂತಿ ಸುತ್ತಿ ಯಂತ್ರ ಕಟ್ಟಿದರು, ಆದರೆ ಅದು ಜಪ್ಪಯ್ಯ ಅಂದರೂ ಏಳದು. ಕಡೆಗೆ ಹೌಸರ್ ಹೇಳಿದರು: ಪರೀಕ್ಷೆಗೆಂದು ಜೋಡಿಸಿದ ಆ ಕೇಬಲ್ ಇದೆಯಲ್ಲ, ಅದನ್ನು ಕತ್ತರಿಸಿ ನೋಡಿ. ಕತ್ತರಿಸಿದರು. ಯಂತ್ರ ಎದ್ದು ಕೂತಿತು. ಬಿಬಿಸಿಯವರು ಬಾಗಿಲು ದಾಟುವಷ್ಟರಲ್ಲಿ ವಿಲ್ಸನ್ ಅದರ ಮೇಲೆ ಬೇಸಿಕ್ ಓಡಿಸುತ್ತಿದ್ದರು.

ಹನ್ನೆರಡು ಸಾವಿರ ಖರ್ಚಾದರೆ ಪುಣ್ಯ ಅಂದುಕೊಂಡಿದ್ದ ಆ ಯಂತ್ರ ಕಡೆಗೆ ಹದಿನೈದು ಲಕ್ಷ ದಾಟಿತು. ವಿಲ್ಸನ್ ಬರೆದ ಬೇಸಿಕ್ಕಿನಷ್ಟು ಅಚ್ಚುಕಟ್ಟಾದದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ತಪ್ಪು ಟೈಪ್ ಮಾಡಿದರೆ ಪರದೆಯ ಮೇಲೆ 'ಮಿಸ್ಟೇಕ್' ಎಂಬ ಒಂದೇ ಮಾತು. ಬೈಗುಳವಿಲ್ಲ, ಉಪದೇಶವಿಲ್ಲ. ಮುಂದೆ ಇದೇ ವಿಲ್ಸನ್ ಮತ್ತು ಫರ್ಬರ್ ಸೇರಿ ಆರ್ಮ್ ಎಂಬ ಪ್ರೊಸೆಸರ್ ಮಾಡಿದರು. ಅದರ ಮೊದಲ ಚಿಪ್ಪು 1985ರಲ್ಲಿ ಕೆಲಸ ಶುರು ಮಾಡಿತು. ನಿಮ್ಮ ಜೇಬಿನ ಮೊಬೈಲಿನ ಮಿದುಳು ಅದರ ಮರಿಮಗ. ಚಿಪ್ಪಾಗುವ ಮೊದಲು ಅದರ ನಡೆಯನ್ನು ಫರ್ಬರ್ ಬರೆದು ನೋಡಿದ್ದೂ ಬಿಬಿಸಿ ಬೇಸಿಕ್ಕಿನಲ್ಲೇ!

ಸರಿ, ಚಿತ್ರಕ್ಕೆ ಬರೋಣ. ಬಿಬಿಸಿ ಮೈಕ್ರೋದ ಒಟ್ಟು ನೆನಪು 32 ಕಿಲೋಬೈಟ್. ನಾಲ್ಕು ಬಣ್ಣದ ಒಳ್ಳೆಯ ಪರದೆ ಬೇಕೆಂದರೆ ಅದೊಂದೇ 20 ಕಿಲೋಬೈಟ್ ನುಂಗುತ್ತಿತ್ತು. ಹಾಗಾದರೆ ಹಲವು ಊರು, ಹಲವು ಕಾಡಿನ ಆಟ ಬರೆಯುವುದು ಹೇಗೆ? ಚಿತ್ರವನ್ನೇ ಇಡಬೇಡಿ, ಚಿತ್ರದ ಲೆಕ್ಕ ಇಡಿ. ಸೊನ್ನೆ ಅಂದರೆ ಬಯಲು, 1 ಇಟ್ಟಿಗೆ, 2 ಬಂಡೆ, 3 ವಜ್ರ. ಪರದೆಯಲ್ಲಿ ಅಡ್ಡ 40, ಉದ್ದ 32, ಒಟ್ಟು 1,280 ಮನೆ. ಮನೆಗೊಂದು ಸಂಖ್ಯೆಯಂತೆ 1,280 ಬೈಟಿನಲ್ಲಿ ಇಡೀ ನಕ್ಷೆ ಮುಗಿಯಿತು, ಪರದೆ ತಿನ್ನುವುದರ ಹದಿನಾರರಲ್ಲಿ ಒಂದು ಪಾಲು! ಇದೇ ಟೈಲ್ ಮ್ಯಾಪ್. ಒಂದು ಸಂಖ್ಯೆ ಬದಲಿಸಿದರೆ ಗೋಡೆ ಬಿದ್ದು ಬಾಗಿಲಾಗುತ್ತದೆ.

ರೆಪ್ಟನ್ ಎಂಬ ಆಟ ಈ ಲೆಕ್ಕವನ್ನು ಮಕ್ಕಳ ಕೈಗೆ ಕೊಟ್ಟಿತು. 1985ರಲ್ಲಿ ಅದನ್ನು ಬರೆದ ಟಿಮ್ ಟೈಲರ್‌ಗೆ ಹದಿನಾರು ವರ್ಷ. ಬೌಲ್ಡರ್ ಡ್ಯಾಶ್ ಎಂಬ ಬೇರೊಂದು ಆಟದ ವಿಮರ್ಶೆಯನ್ನು ಪತ್ರಿಕೆಯಲ್ಲಿ ಓದಿದ್ದನಂತೆ, ಆಡಿರಲಿಲ್ಲ. ಓದಿದ್ದರ ಮೇಲೆಯೇ ತನ್ನದೊಂದು ಕಟ್ಟಿದ. ಮರುವರ್ಷ ಬಂದ ರೆಪ್ಟನ್ 3ರ ಜೊತೆಗೆ ಎರಡು ಸಲಕರಣೆ ಇದ್ದವು: ನಕ್ಷೆ ತಿದ್ದುವುದೊಂದು, ಬಿಡಿ ಚಿತ್ರಗಳನ್ನು ತಿದ್ದುವುದೊಂದು. ಆಟ ಮಾರಿದ ಕಂಪನಿಯವರೇ ಆಮೇಲೆ ಅದೇ ಆಟಕ್ಕೆ ಹೊಸ ಬಟ್ಟೆ ತೊಡಿಸಿ ಆರ್ಕ್‌ಟಿಕ್, ಆಫ್ರಿಕ, ಸಮುದ್ರದಾಳ ಎಂದೆಲ್ಲ ಮಾರಿದರು. ಒಳಗಿನ ನಿಯಮ ಅದೇ, ಬಂಡೆ ತಲೆಯ ಮೇಲೆ ಬಿದ್ದರೆ ಸಾವು.

ನನಗೂ ಇದಕ್ಕೂ ಏನು ಸಂಬಂಧ ಅಂತೀರಾ? 1984ರ ಹೊತ್ತಿಗೆ ನಮ್ಮ ಸರ್ಕಾರ 'ಕ್ಲಾಸ್' ಎಂಬ ಯೋಜನೆ ತಂದು, ಮೊದಲ ಕಂತಿನಲ್ಲಿ ದೇಶದ 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕೊಟ್ಟಿತು. ನಾನು ಓದಿದ್ದು ಅಂಥ ಒಂದರಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋಗಬೇಕು, ದೇವರ ಮನೆಯ ಹಾಗೆ. ವಾರಕ್ಕೊಂದು ಪೀರಿಯಡ್ಡು, ಒಂದು ಕೀಲಿಮಣೆಗೆ ಮೂವರು. ಹಾಗಾಗಿ ಕೆಲಸವೆಲ್ಲ ಮನೆಯಲ್ಲಿ, ಗ್ರಾಫ್ ಹಾಳೆಯ ಮೇಲೆ.

ನನಗೆ ಪರದೆಯ ಮೇಲೆ 'ಕನ್ನಡ' ಎಂದು ಬರೆಯುವ ಹುಚ್ಚು. ಇಂಗ್ಲಿಷ್ ಅಕ್ಷರ ಎಂಟು ಮನೆಯಲ್ಲಿ ಆರಾಮಾಗಿ ಕೂರುತ್ತದೆ. ನಮ್ಮ 'ಕ' ಕೂರುತ್ತದೆಯೇ? ನಾಲ್ಕು ಚೌಕ ಕೂಡಿಸಿದರೂ ಅದರ ಹೊಟ್ಟೆ ಗೆರೆ ಮುಟ್ಟುತ್ತದೆ. 'ನ್ನ'ದ ಒತ್ತಿಗೆ ಕೆಳಗೆ ಇನ್ನೆರಡು. ಮೂರು ಅಕ್ಷರಕ್ಕೂ ಸೇರಿ ಹದಿನಾಲ್ಕು ಚೌಕ, 112 ಸಂಖ್ಯೆ. ಕೂಡಿ ಕೂಡಿ ಬೆರಳು ಸವೆದವು.

ಆಗ ಧಾರವಾಡದ ನಮ್ಮ ಸೋದರತ್ತೆ ಮನೆಗೆ ಬಂದಿದ್ದರು. ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದ ಕೈ. ಕಸೂತಿಯಲ್ಲಿ ಮೊದಲೇ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಎಣಿಸಿಯೇ ಗೋಪುರ, ತೇರು, ಆನೆ ಎಬ್ಬಿಸುತ್ತಾರೆ. ನನ್ನ ಹಾಳೆಯನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು. "ಯಾಕೋ ತಮ್ಮಾ, ಮೂರನೇ ಸಾಲಿನ್ಯಾಗ ಒಂದು ಎಳಿ ತಪ್ಪೇದಲ್ಲ?" ಅಂದರು. ಕೂಡಿ ನೋಡಿದೆ. 36 ಇರಬೇಕಾದಲ್ಲಿ 34 ಬರೆದಿದ್ದೆ. ಕಂಪ್ಯೂಟರ್ ಅಂದರೇನು ಎಂದು ಅವರು ಆ ಹೊತ್ತು ಕೇಳಲೂ ಇಲ್ಲ.

ಮರುವಾರ ಹಾಳೆ ಹಿಡಿದು ಹೋಗಿ ಟೈಪ್ ಮಾಡಿದೆ. 'ಕನ್ನ' ಮೂಡಿತು. 'ಡ' ಬರುವಷ್ಟರಲ್ಲಿ ಕರೆಂಟು ಹೋಯಿತು. ಟೇಪಿನಲ್ಲಿ ಉಳಿಸಿಕೊಂಡಿರಲಿಲ್ಲ. ಮೂವತ್ತೈದು ವರ್ಷದ ಮೇಲಾಯಿತು, ಆ ಅರ್ಧ ಮಾತು ಇನ್ನೂ ಕಣ್ಣಲ್ಲೇ ಇದೆ.

ಬಿಬಿಸಿ ಬೇಸಿಕ್ ಸತ್ತಿಲ್ಲ. ರಿಚರ್ಡ್ ರಸೆಲ್ ಎಂಬ ಬಿಬಿಸಿಯ ಹಳೆಯ ಎಂಜಿನಿಯರ್ ಅದನ್ನು ಇವತ್ತಿನ ಯಂತ್ರಗಳಿಗೂ ಹೊಂದಿಸಿದ್ದಾರೆ, ನಾನೂ ಭಾನುವಾರ ಆಡುತ್ತಿರುತ್ತೇನೆ. ಆದರೆ ಸ್ವಿಚ್ ಹಾಕಿದೊಡನೆ "ಏನು ಮಾಡಲಿ ಹೇಳು" ಎನ್ನುವಂತೆ ಬರೀ ಒಂದು ಬಾಣದ ಗುರುತು ತೋರಿಸಿ ಕಾಯುತ್ತಿದ್ದ ಆ ಪರದೆ ಈಗ ಯಾವ ಹುಡುಗನ ಮುಂದೆಯೂ ಇಲ್ಲ. ಅದು ನನಗೆ ಬೇಸರವೇ.

ಅಂದ ಹಾಗೆ, ರೇಡಿಯೋದಲ್ಲಿ ಇಂಥದ್ದನ್ನು ಕಳಿಸುವುದರಲ್ಲಿ ನಾನೇನೂ ಮೊದಲಿಗನಲ್ಲ. ನೆದರ್ಲೆಂಡ್ಸಿನ ಹಾಬಿಸ್ಕೂಪ್ ಎಂಬ ಕಾರ್ಯಕ್ರಮದಲ್ಲಿ ಬೇಸಿಕ್ ಪ್ರೋಗ್ರಾಮುಗಳನ್ನೇ ಕಿರ್ರೆನ್ನುವ ಸದ್ದಾಗಿಸಿ ಬಿತ್ತರಿಸುತ್ತಿದ್ದರು. ಕೇಳುಗರು ಕ್ಯಾಸೆಟ್ಟಿನಲ್ಲಿ ಹಿಡಿದು ಕಂಪ್ಯೂಟರಿಗೆ ಉಣಿಸುತ್ತಿದ್ದರು. ನನ್ನ ಹತ್ತಿರ ಅಂಥ ಸದ್ದಿಲ್ಲ, ಬಾಯಿಲೆಕ್ಕವೇ ಗತಿ. ನಗುಮುಖ ಮುಗಿದಿದ್ದರೆ ಪಕ್ಕದಲ್ಲೇ ಇನ್ನೊಂದು ಚೌಕ ಹಾಕಿಕೊಳ್ಳಿ. ಇದು ಅತ್ತೆಯ ಸೆರಗಿನಿಂದ ಎಣಿಸಿಕೊಂಡದ್ದು. ನಿಧಾನಕ್ಕೆ ಹೇಳುತ್ತೇನೆ: 24, 24, 60, 60, 126, 126, 231, 231.