ಬ್ಯಾಟರಿ ಗಾಡಿ ಜೋಪಾನ



ಇವತ್ತು ನಾವು ಬ್ಯಾಟರಿ ಗಾಡಿಯ ಬಗ್ಗೆ ಮಾತಾಡೋಣ. ಈಗ ಹಳ್ಳಿಗಳಿಗೂ ಈ ಗಾಡಿ ಬಂದಿದೆ. ಡೈರಿಗೆ ಹಾಲು ಹಾಕೋದಕ್ಕೆ, ಸಂತೆಗೆ ಹೋಗೋದಕ್ಕೆ ಅನುಕೂಲ. ಪೆಟ್ರೋಲ್ ಬೇಡ. ಹೊಗೆ ಇಲ್ಲ. ಆದರೆ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಅದು ಕೆಟ್ಟರೆ ಸಾಲ ಮಾಡಿ ಹಾಕಿದ ದುಡ್ಡು ಹೋಯಿತು. ಬೆಂಕಿ ಹತ್ತಿದರೆ ಜೀವಕ್ಕೇ ಅಪಾಯ. 2022ರಲ್ಲಿ ನಮ್ಮ ದೇಶದ ಹಲವು ಕಡೆ ಇಂಥ ಗಾಡಿಗಳಿಗೆ ಬೆಂಕಿ ಬಿತ್ತು. ಆಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿತು. ಆದರೂ ನಮ್ಮ ಎಚ್ಚರ ನಮಗೆ ಬೇಕು.

ನಾವು ಒಂದು ಮನೆಗೆ ಹೋಗಿದ್ದೆವು. ಆ ಮನೆಗೆ ಒಂದೇ ಬಾಗಿಲು. ಬಾಗಿಲ ಒಳಗೇ ಗಾಡಿ. ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಐದು ಜನ ಒಳಗೆ ಮಲಗುತ್ತಿದ್ದರು.

‘ಅಮ್ಮಾ, ಬೆಂಕಿ ಹತ್ತಿದರೆ ಎಲ್ಲಿಂದ ಹೊರಗೆ ಬರ್ತೀರಿ?’ ಎಂದು ಕೇಳಿದೆವು.

ಅವರು ಬಾಗಿಲ ಕಡೆ ನೋಡಿದರು. ‘ಹೊರಗೆ ಇಟ್ರೆ ಕಳ್ಳರ ಕಾಟ ಅಲ್ವಾ?’ ಎಂದರು.

ಅದೂ ನಿಜ. ಎಲ್ಲರೂ ಕೂತು ಒಂದು ದಾರಿ ಕಂಡೆವು. ಸಂಜೆ ಎಲ್ಲರೂ ಎಚ್ಚರ ಇರುವಾಗ ಜಗಲಿಯಲ್ಲಿ ಚಾರ್ಜ್ ಮಾಡುವುದು. ಮಲಗುವ ಮುಂಚೆ ಪ್ಲಗ್ ತೆಗೆಯುವುದು. ಗಾಡಿಗೆ ಸರಪಳಿ ಹಾಕಿ ಜಗಲಿಯ ಕಂಬಕ್ಕೆ ಬೀಗ ಹಾಕುವುದು. ಈಗ ಅವರು ಹಾಗೇ ಮಾಡ್ತಿದ್ದಾರೆ.

ಇನ್ನು ಕೆಲವು ಮಾತು.

ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಬ್ಯಾಟರಿ ಬಿಸಿ ಇರುತ್ತದೆ. ಅರ್ಧ ಮುಕ್ಕಾಲು ಗಂಟೆ ನೆರಳಲ್ಲಿ ಆರಲಿ. ಚಾರ್ಜರ್ ಮೇಲೆ ಬಟ್ಟೆ, ಚೀಲ ಹಾಕಬೇಡಿ. ಅರ್ತ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೇ ಹಾಕಿ. ಗಂಟು ಹಾಕಿದ ವೈರು ಬೇಡ.

ಲಿಥಿಯಂ ಬ್ಯಾಟರಿ ಪೂರ್ತಿ ಬರಿದಾಗುವ ತನಕ ಓಡಿಸಬೇಡಿ. ನೂರಕ್ಕೆ 20 ಭಾಗ ಉಳಿದಾಗಲೇ ಚಾರ್ಜ್ ಮಾಡಿ. ತಿಂಗಳುಗಟ್ಟಲೆ ಗಾಡಿ ಓಡಿಸದಿದ್ದರೆ ಅರ್ಧ ಚಾರ್ಜ್ ಮಾಡಿ, ತಂಪಾದ ಒಣ ಜಾಗದಲ್ಲಿಡಿ. ಹಳೇ ಗಾಡಿಯ ಸೀಸದ ಬ್ಯಾಟರಿ ಹಾಗಲ್ಲ. ಓಡಿಸಿದ ದಿನವೇ ಅದನ್ನು ತುಂಬಿಸಬೇಕು. ಬರಿದಾಗಿ ಬಿಟ್ಟರೆ ಕೆಡುತ್ತದೆ.

ಈಗ ನಮಗೆ ಓದು ಬಂದಿದೆ. ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಚಾರ್ಜರ್ ಮೇಲೆ ಅಂಟಿಸಿದ ಚೀಟಿ ಓದಿ. ಬ್ಯಾಟರಿ ಮೇಲೆ 48 ವೋಲ್ಟ್ ಅಂತ, ಚಾರ್ಜರ್ ಮೇಲೆ 54.6 ವೋಲ್ಟ್ ಅಂತ ಇರಬಹುದು. ಗಾಬರಿ ಬೇಡ. ಬ್ಯಾಟರಿ ತುಂಬಿದಾಗ ವೋಲ್ಟ್ ಏರುತ್ತದೆ. ಚಾರ್ಜರ್ ಕೆಟ್ಟರೆ ಗಾಡಿ ಕಂಪನಿಯದನ್ನೇ ತನ್ನಿ. ಹಳೇ ಚೀಟಿಯ ಅಂಕಿ, ಹೊಸ ಚೀಟಿಯ ಅಂಕಿ ಹೋಲಿಸಿ ನೋಡಿ. ಪಕ್ಕದ ಮನೆಯ ಚಾರ್ಜರ್ ಪಿನ್ನು ಕೂತಿತು ಅಂತ ಹಾಕಬೇಡಿ.

ಬ್ಯಾಟರಿ ಉಬ್ಬಿದರೆ, ಘಾಟು ವಾಸನೆ ಬಂದರೆ, ತುಂಬಾ ಸುಟ್ಟರೆ, ಬಿದ್ದು ಜಜ್ಜಿದ್ದರೆ ಚಾರ್ಜ್ ಮಾಡಲೇಬೇಡಿ. ಬಿಚ್ಚಲೂ ಬೇಡಿ. ಮೆಕ್ಯಾನಿಕ್‌ಗೆ ತೋರಿಸಿ. ಹೊಗೆ ಕಂಡರೆ ಗಾಡಿಯ ಆಸೆ ಬಿಡಿ. ಮಕ್ಕಳು, ಮುದುಕರನ್ನು ಕರೆದುಕೊಂಡು ಹೊರಗೆ ಓಡಿ. 112ಕ್ಕೆ ಫೋನ್ ಮಾಡಿ.

ಮುಗಿದ ಬ್ಯಾಟರಿಯನ್ನು ತಿಪ್ಪೆಗೆ, ಕೆರೆಗೆ ಎಸೆಯಬೇಡಿ. 2022ರ ನಿಯಮದಂತೆ ಹಳೇ ಬ್ಯಾಟರಿ ವಾಪಸ್ ಪಡೆಯುವುದು ತಯಾರಕರ ಹೊಣೆ. ಕೊಂಡ ಅಂಗಡಿಯಲ್ಲಿ ಕೇಳಿ.

ಗಾಡಿ ಹೋದರೆ ಮತ್ತೆ ದುಡಿಯಬಹುದು. ಮನೆಯವರು ಹೋದರೆ ತರಲಾದೀತೇ? ಇವತ್ತು ಮನೆಗೆ ಹೋಗಿ ನಿಮ್ಮ ಗಾಡಿ ಎಲ್ಲಿ ನಿಂತಿದೆ, ನೋಡಿ.